ಸುಳ್ಯಕ್ಕೆ ಬಾರದ ಕೊನೆಯ ರೀಲು

ಜಾಲ್ಸೂರು
೨೦-೪-೧೯೮೪

ಪ್ರೀತಿಯ ಅಣ್ಣನಿಗೆ ದಮಯಂತಿಯ ನಮಸ್ಕಾರ.

ಹೇಗಿದ್ದೀ? ಎದೆಯ ಕಫ ಕಡಿಮೆಯಾಯಿತೇ? ದಿನವಿಡೀ ಹೋಟೆಲಿನ ಗಲ್ಲಾದಲ್ಲಿ ಫ್ಯಾನಿನ ಕೆಳಗೆ ಕುಳಿತರೆ ಕಫ ಕಟ್ಟದೆ ಇನ್ನೇನಾಗುತ್ತದೆ ಎಂದು ಅಮ್ಮ ಹೇಳುತ್ತಿರುತ್ತಾರೆ. ಕಾಳುಮೆಣಸಿನ ಕಷಾಯ ಮಾಡಿ ಕುಡಿಯಬೇಕಂತೆ. ಬೊಂಬಾಯಿಯಲ್ಲಿ ಒಳ್ಳೆಯ ಮೆಣಸು ಸಿಗದಿದ್ದರೆ ಬರೆ, ಕಳಿಸುತ್ತೇನೆ. ಅಲ್ಲಿಂದ ಊರಿಗೆ ಬಂದು ಹೋಗುವವರು ಬೇಕಾದಷ್ಟು ಜನ ಇದ್ದಾರೆ, ನಿನ್ನೊಬ್ಬನನ್ನು ಬಿಟ್ಟು. ಇಲ್ಲಿ ನಾವು ಕ್ಷೇಮ. ಅಮ್ಮನ ಮೊಣಕಾಲು ನೋವು ಬಿಸಿಲಿಗೆ ಸ್ವಲ್ಪ ವಾಸಿ. ಬಿಸು ಹಬ್ಬಕ್ಕೆ ದೇವರೆದುರು ಹಣ್ಣು ತರಕಾರಿಯ ಕಣಿ ಇಟ್ಟೆವು. ಈ ಸಲವೂ ಅಮ್ಮನ ಕಾಲು ಹಿಡಿಯಲು ನಾನೊಬ್ಬಳೇ.

ನಿನ್ನ ದಪ್ಪ ಕಾಗದ ಬಂತು. ಬಂತು ಎಂದರೆ ಶೀನಪ್ಪಣ್ಣನ ಚಹಾದಂಗಡಿಗೆ ಬಂತು. ಪೋಸ್ಟಿನವ ಈಗಲೂ ನಮ್ಮ ಕಾಗದವನ್ನು ಅಲ್ಲಿಯೇ ಕೊಟ್ಟು ಹೋಗುವುದು. ನೀನೋ ಲಕೋಟೆಯ ಹಿಂದೆ "ಒಳಗೆ ಸಿನಿಮಾ ವಿಷಯ ಉಂಟು" ಎಂದು ಬರೆದು ಕಳಿಸುತ್ತೀ, ಮತ್ತೆ ಅವರು ಒಡೆಯದೆ ಬಿಡುತ್ತಾರೆಯೇ? ಅಂಗಡಿಯ ಬೆಂಚಿನಲ್ಲಿ ಗಟ್ಟಿಯಾಗಿ ಓದಿ, ವಾದ ಮಾಡಿ, ಚಹಾದ ಕಲೆ ಹಾಕಿ, ಎರಡು ದಿನ ಬಿಟ್ಟು ನನ್ನ ಕೈಗೆ ಕೊಟ್ಟರು. ಮನೆಗೆ ಬರೆದ ಕಾಗದವನ್ನು ಯಾಕೆ ಒಡೆದದ್ದು ಎಂದು ಜೋರು ಮಾಡಿದೆ. "ಅದರಲ್ಲಿ ಮನೆ ವಿಷಯ ಎಂತ ಉಂಟು ಮಾರಾಯ್ತಿ, ಎಲ್ಲ ನಮ್ಮದೇ" ಎಂದರು ಶೀನಪ್ಪಣ್ಣ. ನಾನು ಕಾಗದ ತೆಗೆದುಕೊಂಡು ಬಂದೆ. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ.

ನೀನು ಊರು ಬಿಟ್ಟೆ, ನಮ್ಮ ಜಾಲ್ಸೂರು ಮಾತ್ರ ಆ ಆಕಾಶದ ಸಿನಿಮಾವನ್ನು ಬಿಟ್ಟಿಲ್ಲ. ನೀನು ಇಲ್ಲಿದ್ದಾಗ ಸುಳ್ಯದ ಟಾಕೀಸಿನಲ್ಲಿ ಒಂದು ಭಾನುವಾರ ಬೆಳಗಿನ ಆಟ ನೋಡಿದ್ದು, ಅದೂ ಇಂಗ್ಲಿಷಿನದ್ದು. ಒಂದು ಮಾತೂ ಯಾರಿಗೂ ಅರ್ಥವಾಗಿರಲಿಲ್ಲ. ವಾದ ಮಾಡಲು ಅದೇ ಅನುಕೂಲವಾಯಿತು. ನೀರಿಲ್ಲದ ಒಂದು ಲೋಕದಲ್ಲಿ ಅಣ್ಣ ತಂಗಿ. ಅಣ್ಣ ನೀರು ತರಲು ನೀಲಿ ಚಂದ್ರನಿಗೆ ಹಾರುತ್ತಾನೆ, ತಂಗಿ ಗೋಪುರದ ಮೇಲೆ ದೀಪ ಹಿಡಿದು ಕಾಯುತ್ತಾಳೆ. ಕೊನೆಗೆ ಆಕಾಶದಲ್ಲಿ ಅವನ ಹಡಗಿನ ಬೆಳಕು ಕಾಣುತ್ತದೆ, ಅವಳು ಮೆಟ್ಟಿಲಿಳಿದು ಓಡುತ್ತಾಳೆ, ಶುಭಂ. ಇದರ ಎರಡನೆಯ ಭಾಗ ತಯಾರಾಗಿದೆ ಎಂದು ನೀನು ಅಲ್ಲಿಯ ಪೇಪರಿನಲ್ಲಿ ನೋಡಿ ಬರೆದದ್ದೇ ಸೈ, ಇಲ್ಲಿ ಯಾರಿಗೂ ನೆಮ್ಮದಿಯಿಲ್ಲ. ಶೀನಪ್ಪಣ್ಣನ ಪ್ರಕಾರ ಹಡಗು ನಡೆಸಿಕೊಂಡು ಬರುತ್ತಿರುವುದು ಯಂತ್ರದ ಮನುಷ್ಯ, ಹುಡುಗ ಹಿಂದೆ ಪೆಟ್ಟಿಗೆಯಲ್ಲಿ ಮಲಗಿದ್ದಾನೆ. ರಬ್ಬರ್ ಟ್ಯಾಪಿಂಗಿನವರ ಪ್ರಕಾರ ಅವನ ಕಣ್ಣು ಹೋಗಿದೆ. ನಿನ್ನದು ಯಕ್ಷಗಾನದ ಲೆಕ್ಕಾಚಾರ. ಮೊದಲು ರಾಜವೇಷದಲ್ಲಿ ಹೋದವನು ಆಮೇಲೆ ಮಾರುವೇಷದಲ್ಲಿ ಬರಲೇಬೇಕು, ತೋಳಿನ ಕಲೆ ನೋಡಿ ತಂಗಿ ಗುರುತು ಹಿಡಿಯಬೇಕು ಎಂದು ಪುಟಗಟ್ಟಲೆ ಬರೆದಿದ್ದೀ. "ಏನೇ ಆಗಲಿ, ಅವನಿಗೆ ತಂಗಿಯನ್ನು ಮರೆಯಲು ಸಾಧ್ಯವೇ ಇಲ್ಲ" ಎಂದು ಬರೆದು ಅಡಿಗೆರೆ ಬೇರೆ ಎಳೆದಿದ್ದೀ. ಅದನ್ನು ಓದಿ ನನಗೆ ನಗು ಬಂತು ಅಣ್ಣಾ. ಒಳ್ಳೆಯ ನಗು ಅಲ್ಲ.

ಕಡಬದ ಸಂಬಂಧದ ವಿಷಯ ನಾನು ನಿನಗೆ ಹೋದ ನವರಾತ್ರಿಗೇ ಬರೆದಿದ್ದೆ. ನಮ್ಮ ಪುತ್ತೂರು ಸುಳ್ಯ ಬಸ್ಸಿನ ಕಂಡಕ್ಟರು, ಕಡಬದ ಮಹಾಬಲರು ನನ್ನನ್ನು ಕೇಳಲು ಮನೆಯವರನ್ನು ಕಳಿಸಿದ್ದಾರೆ, ನನಗೂ ಮನಸ್ಸುಂಟು ಎಂದು. ಅಷ್ಟನ್ನು ಸ್ವಂತ ಅಣ್ಣನಿಗೆ ಬರೆಯಲು ನನಗೆ ಎಷ್ಟು ನಾಚಿಕೆಯಾಗಿತ್ತು ಎಂದು ನಿನಗೆ ಗೊತ್ತಾಗಲಿಕ್ಕಿಲ್ಲ. ಅಪ್ಪ ಹೋದ ಮೇಲೆ ವೀಳ್ಯಶಾಸ್ತ್ರದ ಚಾಪೆಯಲ್ಲಿ ಹುಡುಗಿಯ ಕಡೆಯಿಂದ ಕುಳಿತು, ಗಂಡಿನ ಕಡೆಯವರೊಂದಿಗೆ ವೀಳ್ಯ ಬದಲಿಸಿ ಮಾತು ಕೊಡಬೇಕಾದವನು ನೀನು. ಮಗ ಬಾರದೆ ನಿಶ್ಚಯ ಮಾಡುವುದಿಲ್ಲ ಎಂದು ಅಮ್ಮ ಹಟ ಹಿಡಿದರು. ಬರಲು ಆಗದಿದ್ದರೆ ಒಪ್ಪಿಗೆ ಎಂದು ಎರಡಕ್ಷರ ಬರೆ, ನಿನ್ನ ಬದಲಿಗೆ ಯಾರನ್ನಾದರೂ ಕೂರಿಸುತ್ತೇವೆ ಎಂದು ಮತ್ತೆ ಬರೆದೆ. ನಿನ್ನಿಂದ ಬಂದ ಉತ್ತರ ನನಗೆ ಬಾಯಿಪಾಠ ಉಂಟು. "ಕಂಡಕ್ಟರನಾ? ನೋಡುವ. ಎರಡನೇ ಭಾಗ ಮಂಗಳೂರಿಗೆ ಬರುವಾಗ ರಜೆ ಹಾಕುತ್ತೇನೆ, ಎರಡೂ ಕೆಲಸ ಒಂದೇ ಸಲ ಆಗುತ್ತದೆ." ಆ "ನೋಡುವ" ಎಂಬುದನ್ನು ಅಮ್ಮ ಒಂದು ದಿನ ಒಪ್ಪಿಗೆ ಎಂದು ತಿಳಿಯುತ್ತಿದ್ದರು, ಮರುದಿನ ಬೇಡ ಎಂದು ತಿಳಿಯುತ್ತಿದ್ದರು. ಸಿನಿಮಾ ಬರುವವರೆಗೆ ಕಾಯಿರಿ ಎಂದು ಕಡಬದವರಿಗೆ ಯಾವ ಮುಖದಲ್ಲಿ ಹೇಳುವುದು? ಮೀನು ತರುವ ರುಖಿಯಮ್ಮನ ಮಗ ತಂಗಿಯ ಮದುವೆಗೆಂದೇ ದುಬೈಯಿಂದ ಬಂದು ಹೋದ. ನಿನಗೆ ಕಡಲು ದಾಟಲಿಕ್ಕೂ ಇಲ್ಲ. ಬೊಂಬಾಯಿಯಿಂದ ಮಂಗಳೂರಿಗೆ ದಿನವೂ ಬಸ್ಸು ಉಂಟು.

ಇರಲಿ, ನಿನಗೆ ಬೇಕಾದದ್ದು ಸಿನಿಮಾ, ಅದನ್ನೇ ಹೇಳುತ್ತೇನೆ. ಹುಡುಗ ಎರಡನೆಯ ಭಾಗದಲ್ಲಿ ಬರುವುದೇ ಇಲ್ಲ ಎಂದು ಪುತ್ತೂರಿನವರು ಹೇಳುವುದು ಹೊಟ್ಟೆಕಿಚ್ಚಿಗೆ ಎಂದು ಬರೆದಿದ್ದೀಯಲ್ಲ, ಹೊಟ್ಟೆಕಿಚ್ಚೂ ಅಲ್ಲ ಮಣ್ಣೂ ಅಲ್ಲ. ಅವರು ಪೂರ್ತಿ ಸಿನಿಮಾ ನೋಡಿದ್ದಾರೆ, ನಾವು ನೋಡಲಿಲ್ಲ. ಇದ್ದದ್ದು ಒಂದೇ ಪ್ರಿಂಟು. ಪುತ್ತೂರಿನಲ್ಲಿ ಓಡಿ ಮುಗಿದ ರೀಲುಗಳನ್ನು ತಗಡಿನ ಪೆಟ್ಟಿಗೆಗೆ ತುಂಬಿಸಿ ಬಸ್ಸಿಗೆ ಹಾಕುತ್ತಿದ್ದರು, ಸುಳ್ಯದಲ್ಲಿ ಇಳಿಸಿ ಓಡಿಸುತ್ತಿದ್ದರು. ಆ ಭಾನುವಾರ ಪುತ್ತೂರಿನಲ್ಲಿ ನಡುವೆ ಕರೆಂಟು ಹೋಗಿ ಆಟ ತಡವಾಯಿತಂತೆ. ಬಸ್ಸು ಹೊರಡುವಾಗ ಕೊನೆಯ ರೀಲು ಇನ್ನೂ ಮೆಷಿನ್ನಿನಲ್ಲೇ ಇತ್ತು. ಮಹಾಬಲರು ಕಾದರು. ಹಿಂದೆ ಬೇರೆ ಕಂಪೆನಿಯ ಬಸ್ಸು ಬಂದು ಹಾರನ್ನು ಒತ್ತತೊಡಗಿತು. ನಮ್ಮ ಕಡೆ ಬಸ್ಸಿನವರ ಟೈಮಿನ ಜಗಳ ನಿನಗೆ ಗೊತ್ತಿದ್ದದ್ದೇ. ಸ್ವಲ್ಪ ತಡಮಾಡಿದರೆ ದಾರಿಯ ಜನರೆಲ್ಲ ಮತ್ತೊಬ್ಬನ ಬಸ್ಸಿಗೆ. ಅವರು ಸೀಟಿ ಊದಿ "ರೈಟ್ ಪೋಯಿ" ಎಂದು ಬಸ್ಸು ಹೊರಡಿಸಿದರು. ರೀಲು ಪುತ್ತೂರಿನಲ್ಲೇ ಉಳಿಯಿತು. ಸುಳ್ಯದ ಟಾಕೀಸಿನವರು, ಜನ ಕುರ್ಚಿ ಮುರಿದಾರು ಎಂದು ಹೆದರಿ, ತಮ್ಮಲ್ಲಿದ್ದ ಶುಭಂ ಸ್ಲೈಡು ಹಾಕಿ ಬಾಗಿಲು ತೆರೆದುಬಿಟ್ಟರು. ಇಂಗ್ಲಿಷ್ ಸಿನಿಮಾದ ಕೊನೆಗೆ ಕನ್ನಡದ ಶುಭಂ ಯಾಕೆ ಬಂತು ಎಂದು ನಿಮ್ಮಲ್ಲಿ ಒಬ್ಬರೂ ಕೇಳಲಿಲ್ಲ. ಅಷ್ಟು ಬುದ್ಧಿವಂತರು ನೀವೆಲ್ಲ.

ಆ ರೀಲಿನಲ್ಲಿ ಏನಿತ್ತು ಎಂದು ಮಹಾಬಲರಿಗೆ ಪುತ್ತೂರಿನಲ್ಲಿ ನೋಡಿದವರು ಹೇಳಿದ್ದಾರೆ. ಹಡಗು ಇಳಿಯುತ್ತದೆ. ತಂಗಿ ಓಡಿ ಬಂದು ಬಾಗಿಲು ತೆರೆಯುತ್ತಾಳೆ. ಒಳಗೆ ನೀರಿನ ಪೀಪಾಯಿಗಳು ಸಾಲಾಗಿ ಇವೆ, ಅವನಿಲ್ಲ. ಅವನು ಸತ್ತಿಲ್ಲ, ಅವನನ್ನು ಯಾರೂ ಕಟ್ಟಿಹಾಕಿಲ್ಲ, ಕಣ್ಣೂ ಹೋಗಿಲ್ಲ. ಆ ಚಂದ್ರನಲ್ಲಿ ಹೊಳೆಯ ಬದಿಯಲ್ಲಿ ಹೊಸ ಜನರ ಜೊತೆ ನಗುತ್ತಾ ಕುಳಿತಿದ್ದಾನೆ. ನೀರು ಕಳಿಸಿಕೊಟ್ಟು ತಾನು ಅಲ್ಲೇ ಉಳಿದುಬಿಟ್ಟ, ಅಷ್ಟೇ ಕತೆ. ನಿನ್ನ ಮನಿಯಾರ್ಡರೂ ತಿಂಗಳು ತಪ್ಪದೆ ಬರುತ್ತದೆ, ಇಲ್ಲ ಎಂದು ನಾನು ಹೇಳುವುದಿಲ್ಲ. ನಾನು ಹೊಲಿಗೆ ಕ್ಲಾಸಿಗೆ ಸುಳ್ಯಕ್ಕೆ ಹೋಗುತ್ತಿದ್ದಾಗ ಬಸ್ಸಿನಲ್ಲಿ ಅವರು ಇದನ್ನು ಹೇಳಿದ್ದರು. ಶೀನಪ್ಪಣ್ಣನ ಬಳಗಕ್ಕೆ ಗೊತ್ತಾದರೆ ಬಸ್ಸಿಗೆ ಕಲ್ಲು ಬಿದ್ದೀತು ಎಂದು ನಗಾಡಿದ್ದರು. ದೂರದಲ್ಲಿ ಒಬ್ಬನೇ ಇರುವ ಅಣ್ಣನಿಗೆ ಇರುವ ಒಂದು ಖುಷಿಯನ್ನು ಯಾಕೆ ಕೆಡಿಸುವುದು ಎಂದು ನಿನಗೆ ಬರೆಯಲಿಲ್ಲ. ಈಗ ನನಗೆ ಆ ದಾಕ್ಷಿಣ್ಯ ಉಳಿದಿಲ್ಲ.

ನಿನ್ನ ಕಾಗದವನ್ನು ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಅಂಗಳದಲ್ಲಿ ಹಲಸಿನಕಾಯಿ ಹಪ್ಪಳ ಒತ್ತುತ್ತಿದ್ದರು. ಒಂದೊಂದು ಪುಟ ಮುಗಿದಾಗಲೂ "ಕಡಬದ್ದು ಎಂತಾದರೂ ಬರೆದಿದ್ದಾನಾ?" ಎಂದು ಕೇಳಿದರು. ಮುಂದೆ ಇರಬಹುದು ಎಂದು ಹೇಳುತ್ತಾ ಬಂದೆ. ಕೊನೆಯ ಪುಟದಲ್ಲಿ "ಉಳಿದ ವಿಷಯ ಇನ್ನೊಮ್ಮೆ" ಎಂದಿತ್ತು. ಅಮ್ಮ ಇನ್ನೊಂದು ಹಪ್ಪಳ ಒತ್ತಿ, "ಆ ಹುಡುಗ ಕಡೆಗೆ ಬರ್ತಾನಾ ಇಲ್ವಾ?" ಎಂದರು. ನನಗೆ ಸಿಟ್ಟು ಬಂದಿತ್ತು, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅಮ್ಮ ಹುಡುಗನಿಗೆ ಬೈಯಲಿಲ್ಲ. "ಅವ ಅಲ್ಲಿ ಚೆಂದ ಇದ್ದಾನಲ್ಲ, ಇರಲಿ" ಎಂದರು. ಆಮೇಲೆ "ಆ ಹೆಣ್ಣು ಮತ್ತೆ ಎಂತ ಮಾಡಿತು?" ಎಂದು ಕೇಳಿದರು. ಅದು ಎರಡನೆಯ ಭಾಗದಲ್ಲಿ ಇರಬಹುದು ಎಂದೆ. ಅಮ್ಮ ಉಳಿದ ಹಿಟ್ಟನ್ನೆಲ್ಲ ಒತ್ತಿ ಮುಗಿಸಿ, ಕೈ ತೊಳೆದು ಒಳಗೆ ಹೋದರು.

ಜಾಲ್ಸೂರಿನವರೆಲ್ಲ ಊಹೆ ಹೇಳಿದ್ದಾರೆ, ನನ್ನದನ್ನು ಯಾರೂ ಕೇಳಲಿಲ್ಲ. ಹೇಳುತ್ತೇನೆ, ನಿನ್ನ ಪುಟಗಳ ಕೊನೆಗೆ ಸೇರಿಸಿಕೋ. ಎರಡನೆಯ ಭಾಗದಲ್ಲಿ ಆ ತಂಗಿ ದೀಪವನ್ನು ಆರಿಸಿ ಗೋಪುರದಿಂದ ಇಳಿಯುತ್ತಾಳೆ. ಬಂದ ನೀರಿನಲ್ಲಿ ಅನ್ನ ಬೇಯಿಸಿ ಉಣ್ಣುತ್ತಾಳೆ. ಅಣ್ಣ ಯಾವ ವೇಷದಲ್ಲಿ ಬಂದರೂ ತೋಳು ನೋಡಿ ಗುರುತಿಸಲು ಅವಳಿಗೆ ಪುರುಸೊತ್ತು ಇರುವುದಿಲ್ಲ.

ಬರೆದದ್ದು ಹೆಚ್ಚಾಯಿತು ಅನಿಸಿದರೆ ತಂಗಿ ಎಂದು ಕ್ಷಮಿಸು. ಅಥವಾ ಕ್ಷಮಿಸಬೇಡ, ನಿನ್ನ ಇಷ್ಟ. ಹೊತ್ತಿಗೆ ಸರಿಯಾಗಿ ಊಟ ಮಾಡು, ತಣ್ಣೀರು ಕುಡಿಯಬೇಡ. ಅಮ್ಮ ಆಶೀರ್ವಾದ ತಿಳಿಸಿದ್ದಾರೆ. ಶೀನಪ್ಪಣ್ಣ ಕೇಳಿದ್ದಾಗಿ ತಿಳಿಸಲು ಹೇಳಿದರು. ಈ ಕಾಗದವನ್ನು ಅವರ ಕೈಗೆ ಕೊಡದೆ ಸುಳ್ಯದಲ್ಲೇ ಡಬ್ಬಿಗೆ ಹಾಕುತ್ತೇನೆ.

ನಿನ್ನ ತಂಗಿ,
ದಮಯಂತಿ

ಇನ್ನೊಂದು ಮಾತು: ಬಸ್ಸು ಬರುವ ಹೊತ್ತಾಯಿತು, ಚುಟುಕಾಗಿ ಬರೆಯುತ್ತೇನೆ. ವೀಳ್ಯಶಾಸ್ತ್ರ ಸೋಮವಾರ ಆಯಿತು. ನಿನ್ನ ಕಾಗದ ಓದಿದ ಮರುದಿನ ಅಮ್ಮನೇ ಕಡಬಕ್ಕೆ ಹೇಳಿ ಕಳಿಸಿದ್ದು. ನೀನು ಕೂರಬೇಕಾದಲ್ಲಿ ಅಮ್ಮ ಕುಳಿತರು. ಗಂಡ ಇಲ್ಲದವಳು ಕೂರಬಹುದಾ ಎಂದು ಒಬ್ಬಿಬ್ಬರು ಗೊಣಗಿದರು, ಕಡಬದವರು ಮಾತ್ರ ಅಮ್ಮನ ಕೈಯಿಂದ ವೀಳ್ಯ ತೆಗೆದುಕೊಂಡರು. ಮದುವೆ ಮೇ ಹದಿಮೂರು, ಭಾನುವಾರ. ಕರೆಯೋಲೆ ಇದರ ಒಟ್ಟಿಗೆ ಇಟ್ಟಿದ್ದೇನೆ. ಕೆಳಗೆ ಕರೆಯುವವರ ಜಾಗದಲ್ಲಿ ನಾನು ಮೊದಲು ನಿನ್ನ ಹೆಸರನ್ನೇ ಬರೆದು ಪ್ರೆಸ್ಸಿಗೆ ಕೊಟ್ಟಿದ್ದೆ. ಅಮ್ಮ ಜೊತೆಗೆ ಬಂದಿದ್ದರು. ಓದಿಸಿ ಕೇಳಿ, "ಬಾರದವನ ಹೆಸರಲ್ಲಿ ಜನ ಕರೆಯುದು ಬೇಡ, ತೆಗಿ" ಎಂದರು. ಇರಲಿ ಅಮ್ಮ ಎಂದು ನಾನು ಹೇಳಿ ನೋಡಿದೆ. ಅಮ್ಮ ಕೇಳಲಿಲ್ಲ.