ಮರ್ಲ್ ಅವರ ಹಳೆಯ ದನಿ

ನಾರ್ತ್ ಡಕೋಟ
ಮಾರ್ಚ್ ೩

ಪ್ರಿಯ ಗ್ಲೆನ್ ಅವರಿಗೆ,

ರೇಡಿಯೊ ಸ್ಟೇಷನ್ನಿನವರೆಲ್ಲ ಸೇರಿ ಕಳಿಸಿದ ಹೂವು ತಲುಪಿತು. ಮರ್ಲ್ ಅವರ ಗಂಟಲಿನ ಗಾಯ ಒಣಗಿದೆ. ಧ್ವನಿಪೆಟ್ಟಿಗೆಯನ್ನೇ ತೆಗೆದಿರುವುದರಿಂದ ಮಾತು ಇನ್ನಿಲ್ಲ.

ಅವರ ಹಳೆಯ ಕಾರ್ಯಕ್ರಮಗಳನ್ನು ನೀವು ದಿನವೂ ಹಾಕುತ್ತಿದ್ದೀರಿ. ಅಂಗಡಿಯಲ್ಲಿ ಸಿಕ್ಕವರು, "ವಾಷಿಂಗ್ಟನ್‌ನವರಿಗೆ ಇವತ್ತು ಸರಿಯಾಗಿ ನೀರಿಳಿಸಿದ್ರು ನಮ್ಮ ಮರ್ಲ್" ಎನ್ನುತ್ತಾರೆ. ನಾನು ಹೌದೆನ್ನುತ್ತೇನೆ.

ಶನಿವಾರ ನಮ್ಮ ಮಗ ಕರ್ಟಿಸ್ ಬಂದಿದ್ದ. ಅವನು ಶಾಲಾ ಶಿಕ್ಷಕ. ಶಿಕ್ಷಕರ ಮುಷ್ಕರದ ವರ್ಷ ರೇಡಿಯೊದಲ್ಲಿ ಅಪ್ಪನ ಮಾತು ಕೇಳಿದ ಮೇಲೆ ಮನೆಗೆ ಬಂದಿರಲಿಲ್ಲ. ರೇಡಿಯೊ ಹಾಕಿಕೊಂಡು ಮೂವರೂ ತಿಂಡಿಗೆ ಕುಳಿತಿದ್ದೆವು. ನೀವು ಅದೇ ಕಾರ್ಯಕ್ರಮವನ್ನು ಹಾಕಿದಿರಿ.

"ಮುಷ್ಕರ ಮಾಡೋ ಮೇಷ್ಟ್ರುಗಳೆಲ್ಲ ಶುದ್ಧ ಸೋಮಾರಿಗಳು ಕಣ್ರೀ. ಅಂಥವನೊಬ್ಬನಿಗೆ ನಾನೇ ಅಪ್ಪ, ಏನ್ ಮಾಡೋಣ ಹೇಳಿ!"

ಕರ್ಟಿಸ್ ಎದ್ದು ಕೋಟು ಹಾಕಿಕೊಂಡ. "ಬರ್ತೀನಮ್ಮಾ" ಎಂದ. ಮರ್ಲ್ ಅವನ ತೋಳು ಹಿಡಿದುಕೊಂಡು ಬಾಯಿ ತೆರೆದರು. ಏನೂ ಬರಲಿಲ್ಲ. ರೇಡಿಯೊದಲ್ಲಿ ಅವರು ಇನ್ನೂ ನಗುತ್ತಿದ್ದರು. ಅವನು ತೋಳು ಬಿಡಿಸಿಕೊಂಡು ಹೊರಟುಹೋದ. ಆಮೇಲೆ ನಾನು ರೇಡಿಯೊ ಆರಿಸಿ, ತಟ್ಟೆ ತೊಳೆದಿಟ್ಟೆ.

ಈಸ್ಟರ್ ಹಬ್ಬಕ್ಕೆ ಅವನನ್ನು ಮತ್ತೆ ಕರೆದಿದ್ದೇನೆ. ನಮ್ಮ ಮನೆಯ ರೇಡಿಯೊವನ್ನು ನಾನು ಆರಿಸಬಲ್ಲೆ. ಆದರೆ ಅವನು ಬರುವ ದಾರಿಯ ಪೆಟ್ರೋಲ್ ಬಂಕಿನಲ್ಲೂ ಕಾಫಿ ಅಂಗಡಿಯಲ್ಲೂ ನಿಮ್ಮ ಸ್ಟೇಷನ್ನೇ ಹಾಡುತ್ತಿರುತ್ತದೆ. ದಯವಿಟ್ಟು ಹಳೆಯ ಕಾರ್ಯಕ್ರಮಗಳನ್ನು ನಿಲ್ಲಿಸಿಬಿಡಿ. ಆ ಹೊತ್ತಿಗೆ ಬೇರೆ ಯಾರನ್ನಾದರೂ ಕೂರಿಸಿ.

ಇದು ನನ್ನೊಬ್ಬಳ ಮಾತೆಂದು ನೀವು ತಿಳಿಯಬಾರದು. ಮರ್ಲ್ ಪಕ್ಕದಲ್ಲೇ ಕುಳಿತು ಇದನ್ನು ಎರಡು ಸಲ ಓದಿ, ಕೈಚಾಚಿ ಪೆನ್ನು ತೆಗೆದುಕೊಂಡರು.

ಇಂತು,
ಆರ್ಡಿಸ್ ಟ್ವೆಟ್
ಮರ್ಲ್ ಟ್ವೆಟ್