ಎಲ್ಲ ಬಾನೆಟ್ಟೂ ಪಾಸಾದ ದಿನ

14 ಅಕ್ಟೋಬರ್, ಮಂಗಳವಾರ

ಇಂದು ಒಂದು ಬಾನೆಟ್ಟನ್ನೂ ನಾನು ತಿರಸ್ಕರಿಸಲಿಲ್ಲ. ಕಾರಿನ ಬಾನೆಟ್ ಮಾಡುವ ನಮ್ಮ ಬಿಳೇಕಹಳ್ಳಿ ಶೆಡ್ಡಿನಲ್ಲಿ ಹೀಗಾದದ್ದು ಇದೇ ಮೊದಲು. ಮಾಲೀಕ ಬೈರಣ್ಣನಿಗೆ ಹಬ್ಬ. "ಸಖತ್, ಸೇತುರಾಮ್ ಸಾರ್, ಒಂದೂ ರಿಜೆಕ್ಟ್ ಇಲ್ಲ! ನಾಳೆನೇ ಕಾರ್‌ಗಳಿಗೆ ಫಿಟ್ ಮಾಡಿಸ್ತೀನಿ."

ಫೈಬರ್‌ಗ್ಲಾಸ್ ಪದರಗಳ ನಡುವೆ ಗಾಳಿ ಉಳಿದಿದ್ದರೆ, ಬೆರಳ ಗೆಣ್ಣಿನಿಂದ ತಟ್ಟಿದಾಗ ಟಣ್ ಎನ್ನದೆ ಡಬ್ ಎನ್ನುತ್ತದೆ. ಮೇಲಿನ ಹೊಳಪು ಸುಳ್ಳು ಹೇಳಬಹುದು, ಆ ಸದ್ದು ಹೇಳದು. ಇಂದು ಎಲ್ಲವೂ ಒಂದೇ ಥರ ಕೇಳಿಸಿದವು. ಹುಡುಗರ ಕೆಲಸ ಸುಧಾರಿಸಿದೆ ಎಂದುಕೊಂಡೆ, ಮೂರ್ಖ.

ಬರುವಾಗ ಮಡಿವಾಳದಲ್ಲಿ ತೆಂಗಿನಕಾಯಿ ಆರಿಸಿ ತಂದೆ. ಜಯಾ ಒಡೆದಳು. ಒಳಗೆಲ್ಲ ಕೊಳೆತಿತ್ತು.

"ಏನ್ರೀ, ತಟ್ಟಿ ನೋಡ್ಲಿಲ್ವಾ?"

ಕಿವಿಯ ಹತ್ತಿರ ಹಿಡಿದು ತಟ್ಟಿಯೇ ತಂದಿದ್ದೆ.

ಬೈರಣ್ಣನಿಗೆ ಫೋನ್ ಮಾಡಬೇಕು. ಮಾಡಿ ಏನೆಂದು ಹೇಳಲಿ, ನನ್ನ ಕಿವಿಯೇ ಕೆಟ್ಟಿದೆ ಎಂದೇ?