ಹಸಿರು ಪೆನ್ನಿನ ನಿಬ್ಬು

ಅಪ್ಪಾ, ಸಿಂಕಿನ ಪಕ್ಕದ ಲೋಟದ ನೀರು ಚೆಲ್ಲಬೇಡ. ನಿನ್ನ ಹಸಿರು ಇಟಾಲಿಯನ್ ಪೆನ್ನಿನ ನಿಬ್ಬು ಅದರಲ್ಲಿ ನೆನೆಯುತ್ತಿದೆ. ಚಿತ್ರ ಬಿಡಿಸುವ ಶಾಯಿ ತುಂಬಿಸಿ ಅದರ ಗಂಟಲು ಕಟ್ಟಿಸಿದ್ದೀಯ, ಪುಣ್ಯಾತ್ಮ!

ಸಂಜೆ ಹಲ್ಲಿನ ಡಾಕ್ಟರು ಬರುತ್ತಾರೆ. ಅವರು ಕೊಂಡಿರುವುದು ಕಪಾಟಿನಲ್ಲಿರುವ ಕೆಂಪು ಪೆನ್ನು, ಡಬ್ಬಿ ಸಮೇತ ಕೊಡು. ಹಸಿರನ್ನು ಕೇಳಿದರೆ ತೋರಿಸಲೂ ಬೇಡ.

"ಕೈ ನಡುಗುತ್ತೆ ಪುಟ್ಟಿ, ನಾನಿನ್ನೇನು ಬರೀತೀನಿ? ಅದನ್ನೂ ಮಾರಿ ದುಡ್ಡನ್ನ ನಿನ್ನ ಪೆನ್ನಿನ ಅಂಗಡಿಗೆ ಹಾಕ್ಕೋ" ಅಂದೆಯಲ್ಲ ನಿನ್ನೆ. ನೆನೆಹಾಕುವ ಮೊದಲು ಶಾಯಿಯಲ್ಲಿ ಅದ್ದಿ ಬರೆದು ನೋಡಿದೆ. ನನ್ನ ಕೈಯಲ್ಲಿ ಕಾಗದ ಕೆರೆಯುತ್ತದೆ. ನಿನ್ನ ಓರೆ ಬರಹಕ್ಕೇ ಸವೆದ ನಿಬ್ಬು, ಬೇರೆಯವರ ಮಾತು ಕೇಳುವುದಿಲ್ಲ. ನಿಬ್ಬು ಒಣಗಿದ ಮೇಲೆ ಪೆನ್ನಿಗೆ ಕೂರಿಸಿ, ಬರೆಯುವ ಶಾಯಿ ತುಂಬಿಸಿ ಎರಡು ಸಾಲು ಬರೆ, ಸೊಟ್ಟಗಾದರೂ ಸರಿ.

ಅದನ್ನು ನಾನು ಮಾರುವುದಿಲ್ಲ.